ದೀಪಕ್ಕೆ ಹಿಡಿದ ವರ್ನಿಯರ್

ಪಾಳಿ ಕೆಲಸ ಮಾಡಿದವರಿಗೆ ಒಂದು ನಿಯಮ ಮೈಗೆ ಹತ್ತಿರುತ್ತದೆ. ನಿನ್ನ ಜಾಗಕ್ಕೆ ಮುಂದಿನವನು ಬಂದು ನಿಲ್ಲುವವರೆಗೆ ಮಷೀನ್ ಬಿಟ್ಟು ಕದಲಬಾರದು. ಸೈರನ್ ಕೂಗಿರಲಿ, ಹೊಟ್ಟೆ ಹಸಿದಿರಲಿ, ಮನೆಯಲ್ಲಿ ಯಾರಿಗೋ ಜ್ವರ ಇರಲಿ, ರಿಲೀವರ್ ಬರಬೇಕು. ಬಂದವನು "ಹೆಂಗೈತೆ?" ಎಂದು ಕೇಳಬೇಕು. ಹೋಗುವವನು ಇದ್ದದ್ದನ್ನು ಇದ್ದ ಹಾಗೆ ಹೇಳಬೇಕು. ಬೇರಿಂಗ್ ಬಿಸಿಯಾಗುತ್ತಿದ್ದರೆ ಬಿಸಿಯಾಗುತ್ತಿದೆ ಅನ್ನಬೇಕು. ಅಲ್ಲಿ ಒಂದು ಸುಳ್ಳು ಹೇಳಿದರೆ ಮುಂದಿನವನ ಬೆರಳು ಹೋಗುತ್ತದೆ.

ನಾನು ಹರಿಹರದ ಒಂದು ಸಣ್ಣ ಕಾರ್ಖಾನೆಯಲ್ಲಿ ಚಾರ್ಜ್‌ಮನ್, ಅಂದರೆ ಪಾಳಿಯ ಮೇಲ್ವಿಚಾರಕ, ಆಗಿದ್ದೆ. ದೊಡ್ಡ ಕಾರ್ಖಾನೆಗಳಿಗೆ ಬಿಡಿಭಾಗ ಮಾಡಿಕೊಡುತ್ತಿದ್ದ ಜಾಗ ಅದು. ಈಗ ಅಲ್ಲಿ ಕಲ್ಯಾಣಮಂಟಪ ಎದ್ದಿದೆ. ನನ್ನ ಪಾಳಿಯಲ್ಲಿ ಉಕ್ಕು ಕಡೆಯುವ ಲೇತ್ ಮುಂದೆ ನಿಲ್ಲುತ್ತಿದ್ದ ಟರ್ನರ್ ನನ್ನ ಗೆಳೆಯನಾದ. ನಾನು ಅವನನ್ನು ಉಸ್ತಾದ್ ಅನ್ನುತ್ತಿದ್ದೆ, ಅವನು ನನ್ನನ್ನು ಚಾರ್ಜ್‌ಮನ್ರೆ ಅನ್ನುತ್ತಿದ್ದ. ಕಾರ್ಖಾನೆ ಹೋದ ಮೇಲೂ ಕರೆಯುವುದು ಹಾಗೆಯೇ ಉಳಿಯಿತು.

ಕಾರ್ಖಾನೆ ಮುಚ್ಚಿದ ದಿನ ಮಧ್ಯಾಹ್ನದ ಪಾಳಿಯವರು ಒಳಗೆ ಬರಲಿಲ್ಲ. ಗೇಟಿಗೆ ನೋಟಿಸು ಹಚ್ಚಿದ್ದು ಬೆಳಗಿನ ಪಾಳಿಯ ನಮಗೆ ತಿಳಿದದ್ದು ಊಟದ ಹೊತ್ತಿಗೆ. ಎಲ್ಲರೂ ಡಬ್ಬಿ ಎತ್ತಿಕೊಂಡು ಹೊರಗೆ ಹೋಗಿ ಕೂಗಾಡಿದರು. ಉಸ್ತಾದ್ ಮಾತ್ರ ಲೇತ್ ಮುಂದೆ ನಿಂತೇ ಇದ್ದ. ಕರೆಂಟು ತೆಗೆದಿದ್ದರು. ನಿಂತುಹೋದ ಲೇತನ್ನು ಒರೆಸಿ, ಎಣ್ಣೆ ಬಿಟ್ಟು, ಮತ್ತೆ ಒರೆಸುತ್ತಿದ್ದ. "ರಿಲೀವರ್ ಬಂದಿಲ್ಲ" ಎಂದ. ಬರುವುದಿಲ್ಲ ಎಂದು ಯಾರು ಯಾರೋ ಬಂದು ಹೇಳಿದರೂ ಕೇಳಲಿಲ್ಲ. ಕಡೆಗೆ ನಾನು ಹೋಗಿ ಅವನ ಪಕ್ಕ ನಿಂತು "ಹೆಂಗೈತೆ?" ಎಂದೆ. ಅವನು ನನ್ನ ಮುಖ ನೋಡಿ "ನಿಂತೈತೆ" ಎಂದ. "ನಾನು ಬಂದೀನಿ, ನೀನು ನಡಿ" ಎಂದು ಅವನ ಕೈಯಿಂದ ಸ್ಪ್ಯಾನರ್ ತೆಗೆದುಕೊಂಡೆ. ಆಗ ಹೊರಟ. ನಾನು ಸ್ಪ್ಯಾನರ್ ಹಿಡಿದು ಸ್ವಲ್ಪ ಹೊತ್ತು ನಿಂತಿದ್ದೆ. ನನ್ನನ್ನು ಬಿಡಿಸಲು ಯಾರೂ ಇರಲಿಲ್ಲವಾದ್ದರಿಂದ ಅದನ್ನು ಗೋಡೆಯ ಮೊಳೆಗೆ ತೂಗುಹಾಕಿ ಹೊರಗೆ ಬಂದೆ.

ಇದನ್ನು ಮೊದಲೇ ಹೇಳಿದ್ದು ಯಾಕೆಂದರೆ, ಇಲ್ಲದಿದ್ದರೆ ಮುಂದಿನದು ಇಬ್ಬರು ಮುದುಕರ ಹುಚ್ಚಾಟದಂತೆ ಕಾಣುತ್ತದೆ.

ಎರಡು ವರ್ಷದ ಹಿಂದೆ ಉಸ್ತಾದನಿಗೆ ಅಂಗಿಯ ಗುಂಡಿ ಹಾಕಲು ಬಾರದಂತಾಯಿತು. ಎಡಗೈ ಹೆಬ್ಬೆರಳು ಹೇಳಿದ ಮಾತು ಕೇಳುತ್ತಿರಲಿಲ್ಲ. ದಾವಣಗೆರೆಯ ಡಾಕ್ಟರು ನೋಡಿ, ಇದು ನರಗಳ ಕಾಯಿಲೆ, ಕೈಕಾಲು ಒಂದೊಂದಾಗಿ ಸೊರಗುತ್ತವೆ, ಆಮೇಲೆ ನಾಲಿಗೆ, ಆಮೇಲೆ ಉಸಿರು ಎಂದರು. ಔಷಧಿ ಇಲ್ಲ ಎಂದೂ ಹೇಳಿದರು. ನನ್ನ ಎದುರಿಗೇ ಹೇಳಿದರು. ಅವನು ತಲೆಯಾಡಿಸಿ "ಒಳ್ಳೇದಾತು, ಬಿಡ್ರಿ, ಮಾತ್ರೆ ನುಂಗೋದು ತಪ್ಪಿತು" ಎಂದ. ಹೊರಗೆ ಬಂದು ಚಪ್ಪಲಿ ಮೆಟ್ಟಿಕೊಳ್ಳುವಾಗ ಮಾತ್ರ ಎಷ್ಟೋ ಹೊತ್ತು ತೆಗೆದುಕೊಂಡ.

ಅವನ ಹೆಂಡತಿ ಹೋಗಿ ಬಹಳ ವರ್ಷವಾಗಿತ್ತು. ಮಗಳು ದಾವಣಗೆರೆಯ ಕರೂರು ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯ ಆಫೀಸಿನಲ್ಲಿ ಕೆಲಸದಲ್ಲಿದ್ದಳು. ಬೆಳಿಗ್ಗೆ ಅವಳು ಹರಿಹರದಿಂದ ದಾವಣಗೆರೆ ಕಡೆಗೆ ಬರಬೇಕು; ಮಧ್ಯಾಹ್ನದ ಮೇಲೆ ನೋಡಿಕೊಳ್ಳಲು ಪಕ್ಕದ ಮನೆಯ ಹೆಂಗಸು ಒಪ್ಪಿದ್ದಳು. ನಡುವಿನ ಹೊತ್ತಿಗೆ ಜನ ಇರಲಿಲ್ಲ. ಆ ಹೊತ್ತನ್ನು ನಾನು ತೆಗೆದುಕೊಂಡೆ.

ನನಗೆ ಅದು ಕಷ್ಟವಲ್ಲ. ನಸುಕಿನಲ್ಲೇ ಏಳುವವನು ನಾನು. ತಣ್ಣೀರ ಸ್ನಾನ, ಲಿಂಗಪೂಜೆ, ಒಂದು ಲೋಟ ಹಾಲು, ಇಸ್ತ್ರಿ ಮಾಡಿದ ಅಂಗಿ. ದಾವಣಗೆರೆಯ ವಿನೋಬನಗರದ ನಮ್ಮ ಮನೆಯಿಂದ ನಡೆದೇ ಬಸ್ಸಿಗೆ ಹೋಗುತ್ತಿದ್ದೆ. ನನ್ನ ಹೆಂಡತಿ ಬಾಗಿಲಲ್ಲಿ ನಿಂತು, "ಆಗಿನ ಡ್ಯೂಟಿಗೆ ಪಗಾರನಾದ್ರೂ ಬರ್ತಿತ್ತು. ಇದಕ್ಕ ನನ್ನ ಕೈಲಿಂದ ಡಬ್ಬಿ ಬೇರೆ" ಅನ್ನುತ್ತಿದ್ದಳು. ಡಬ್ಬಿಯಲ್ಲಿ ಮೊದಮೊದಲು ಒಗ್ಗರಣೆ ಮಂಡಕ್ಕಿ ಇರುತ್ತಿತ್ತು. ಅದು ಅವನ ಗಂಟಲಲ್ಲಿ ನಿಲ್ಲತೊಡಗಿದ ಮೇಲೆ ಅವಳೇ, ನಾನು ಹೇಳುವ ಮೊದಲೇ, ತೆಳ್ಳಗಿನ ಗಂಜಿ ಮಾಡಿ ಕಳಿಸಿದಳು.

ದಾರಿಯ ಬಾತಿ ಊರು ದಾಟಿ ಹರಿಹರದಲ್ಲಿ ಇಳಿದು ಹಳೆ ಸೇತುವೆ ಕಡೆಯ ಉಸ್ತಾದನ ಓಣಿಗೆ ಹೋದರೆ ಮಗಳು ಚೀಲ ಹೆಗಲಿಗೆ ಹಾಕಿಕೊಂಡು ಕಾಯುತ್ತಿರುತ್ತಿದ್ದಳು. ನಾನು "ಹೆಂಗೈತವ್ವಾ?" ಅನ್ನುತ್ತಿದ್ದೆ. ಅವಳಿಗೂ ಈ ಪದ್ಧತಿ ಬಂದುಬಿಟ್ಟಿತ್ತು. "ರಾತ್ರಿ ಕೆಮ್ಮು ಇತ್ತು ಕಾಕಾ, ಬಲಗಾಲು ನಿನ್ನೆಗಿಂತ ಭಾರ" ಎಂದು ಇದ್ದ ಹಾಗೆ ಹೇಳಿ ಹೊರಡುತ್ತಿದ್ದಳು.

ವ್ಯಾಯಾಮ ಹೇಳಿಕೊಡಲು ಬರುತ್ತಿದ್ದ ಹುಡುಗಿ, ಬೆರಳು ಆಡುವಷ್ಟು ದಿನ ಆಡಿಸುತ್ತಿರಬೇಕು ಎಂದು ಒಂದು ರಬ್ಬರ್ ಚೆಂಡು ಕೊಟ್ಟಿದ್ದಳು. ಉಸ್ತಾದ್ ಅದನ್ನು ಮುಟ್ಟಲಿಲ್ಲ. "ನಾನೇನು ಬ್ಯಾಸಿಗಿ ಶರಬತ್ ಅಂಗಡಿ ಇಟ್ಟೀನೇನು, ನಿಂಬೆಹಣ್ಣು ಹಿಂಡಾಕ?" ಎಂದ. ಆಗ ಮಗಳು ತಾನು ಕಾಲೇಜಿನಲ್ಲಿದ್ದಾಗ ಆಡುತ್ತಿದ್ದ ವಿಡಿಯೋ ಆಟದ ಪೆಟ್ಟಿಗೆಯನ್ನು ಅಟ್ಟದಿಂದ ಇಳಿಸಿ ಟೀವಿಗೆ ಜೋಡಿಸಿದಳು. ಹೊಡೆದಾಟದ ಆಟ. ಎರಡೂ ಕೈಯಲ್ಲಿ ಹಿಡಿದು ಹೆಬ್ಬೆರಳಿನಿಂದ ಒತ್ತುವ ಗುಂಡಿಗಳ ಸಾಧನ ಇತ್ತಲ್ಲ, ಉಸ್ತಾದ್ ಅದಕ್ಕೆ ಹ್ಯಾಂಡಲ್ ಎಂದು ಹೆಸರಿಟ್ಟ. ಲೇತಿಗೆ ಹ್ಯಾಂಡಲ್ ಇರುವಂತೆ ಇದಕ್ಕೂ.

ಆಟದಲ್ಲಿ ಬಹಳ ಜನ ಕಾಳಗದವರು. ಒಬ್ಬೊಬ್ಬರನ್ನು ಆರಿಸಲು ಹೋದರೆ ಅವರ ಊರು, ಕೋಟೆ, ಯಾರ ಮೇಲೆ ಸೇಡು ಎಂಬುದೆಲ್ಲ ಪಕ್ಕದಲ್ಲಿ ಬರುತ್ತಿತ್ತು. ಒಬ್ಬನ ಪಕ್ಕ ಮಾತ್ರ ಏನೂ ಇಲ್ಲ. ಬರಿಗಾಲು, ತಲೆಗೆ ಸುತ್ತಿದ ಹರಕು ಬಟ್ಟೆ, ಬೆನ್ನಿಗೆ ಸುರುಳಿ ಸುತ್ತಿದ ಒಂದು ಚಾಪೆ. ಊರೂರು ಅಲೆಯುತ್ತ, ಎದುರಾದವರೊಡನೆ ಕಾದಾಡುತ್ತ ಹೋಗುವವನು. ಕಾಳಗಕ್ಕೆ ಮೊದಲು ಚಾಪೆ ಇಳಿಸಿ ಬದಿಗಿಡುತ್ತಾನೆ, ಗೆದ್ದ ಮೇಲೆ ಎತ್ತಿಕೊಂಡು ಹೋಗುತ್ತಾನೆ. ಗೆದ್ದೆನೆಂದು ಕುಣಿಯುವುದಿಲ್ಲ.

"ಇವನ ಊರು ಯಾವುದು?" ಎಂದು ಉಸ್ತಾದ್ ಕೇಳಿದ.

"ಅವ್ನಿಗೆ ಊರಿಲ್ಲ ಅಬ್ಬಾ" ಎಂದಳು ಮಗಳು.

"ಇವನೇ ಇರ್ಲಿ. ಚಾಪಿ ತಾನೇ ತಂದಾನ, ಹಾಸಿಗಿ ಖರ್ಚಿಲ್ಲ."

ಆಟದಲ್ಲಿ ಹಲವು ಬಗೆ ಇದ್ದವು. ಅದರಲ್ಲಿ ಒಂದು ದಾರಿ ಆಟ. ಚಾಪೆಯವನು ಒಂದು ದಾರಿ ಹಿಡಿದು ಹೋಗುತ್ತಾನೆ. ದಾರಿಯಲ್ಲಿ ಒಬ್ಬೊಬ್ಬರೇ ಎದುರಾಗುತ್ತಾರೆ. ಒಮ್ಮೆ ಸೋತರೆ ಮುಗಿಯಿತು, ಮೊದಲಿನಿಂದ ನಡೆಯಬೇಕು. ಒಂದು ಕಾಳಗಕ್ಕೂ ಇನ್ನೊಂದಕ್ಕೂ ನಡುವೆ ಅವನು ಸುಮ್ಮನೆ ನಡೆಯುತ್ತಿರುತ್ತಾನೆ. ಮುಸ್ಸಂಜೆ, ಎರಡೂ ಬದಿ ಹುಲ್ಲು, ನಮ್ಮ ಕಡೆಗೆ ಬೆನ್ನು. ನಾವು ಗುಂಡಿ ಒತ್ತುವವರೆಗೂ ನಡೆಯುತ್ತಲೇ ಇರುತ್ತಾನೆ. ದಾರಿಯ ಕೊನೆಯಲ್ಲಿ, ಬಹಳ ದೂರದಲ್ಲಿ, ಒಂದು ಹಳದಿ ದೀಪ.

ಆ ದೀಪ ನೋಡಿದ ದಿನವೇ ಉಸ್ತಾದ್ ತೀರ್ಮಾನಿಸಿಬಿಟ್ಟ: ಅದು ಇವನ ಮನೆ. ಊರಿನ ಹೆಸರು ಬರೆದಿಲ್ಲವೇ ಹೊರತು ಊರೇ ಇಲ್ಲ ಎಂದಲ್ಲ. ಕೈ ಪೂರಾ ಹೋಗುವುದರೊಳಗೆ ಇವನನ್ನು ಅಲ್ಲಿಗೆ ಮುಟ್ಟಿಸಬೇಕು. ಅಲ್ಲಿ ಬಾಗಿಲು ತೆಗೆಯುವವರು ಯಾರೆಂದು ನೋಡಬೇಕು.

ಅಲ್ಲಿಂದ ನಮ್ಮ ಪಾಳಿ ಶುರುವಾಯಿತು. ಸಂಜೆ ಮಗಳು ಬಂದ ಮೇಲೆ ಅವನ ಪಾಳಿ, ಬೆಳಿಗ್ಗೆ ನನ್ನದು. ಪೆಟ್ಟಿಗೆಯನ್ನು ಬಂದ್ ಮಾಡುವಂತಿರಲಿಲ್ಲ. ಮಾಡಿದರೆ ನಡೆದ ದಾರಿಯೆಲ್ಲ ಹೋಗುತ್ತದೆ. ಮನೆಯ ಇನ್ವರ್ಟರಿಗೆ ಹೊಸ ಬ್ಯಾಟರಿ ಹಾಕಿಸಿದರು. ನಾನು ಒಳಗೆ ಹೋಗಿ ಚಪ್ಪಲಿ ಬಿಟ್ಟು, ಕೈ ತೊಳೆದು, ಅವನ ಪಕ್ಕದ ಕುರ್ಚಿಯಲ್ಲಿ ಕೂತು ಕೇಳುತ್ತಿದ್ದೆ.

"ಹೆಂಗೈತೆ?"

"ನಡದೈತೆ. ಕೊಡಲಿಯವನು ಒಬ್ಬ ಬಂದಿದ್ದ, ಹೊಡ್ದು ಹಾಕೀನಿ. ಹುಷಾರು, ನಮ್ಮವನ ಜೀವದ ಗೆರಿ ಅರ್ಧಕ್ಕ ಬಂದೈತೆ."

ನಾನು ಹ್ಯಾಂಡಲ್ ಹಿಡಿದು ಒಂದು ಕಾಳಗ ಆಡಿ, ಗೆಲ್ಲಿಸಿ, ಮತ್ತೆ ದಾರಿಗೆ ಬಿಡಬೇಕು. ನನಗೆ ಇದು ಒಗ್ಗಿದ ವಿದ್ಯೆಯಲ್ಲ. ಗುಂಡಿಗಳನ್ನು ಕ್ರಮ ತಪ್ಪದಂತೆ ಒತ್ತುತ್ತಿದ್ದೆ. ಉಸ್ತಾದ್ ಪಕ್ಕದಲ್ಲಿ ಕುದಿಯುತ್ತಿದ್ದ.

"ಒದೀರಿ, ಒದೀರಿ! ಅಲ್ಲಿ ಏನು ಆರತಿ ಎತ್ತಾಕ ನಿಂತೀರೇನ್ರಿ?"

"ಸುಮ್ನಿರು, ಲೆಕ್ಕ ತಪ್ಪುತ್ತೆ."

"ಅರೆ, ಅವ ಬಡಿತಾನ, ಇವರು ಲೆಕ್ಕ ಮಾಡ್ತಾರ! ಚಾರ್ಜ್‌ಮನ್ ಬುದ್ಧಿ ಚಟ್ಟಕ್ಕ ಏರಿದ್ರೂ ಬಿಡಾದಿಲ್ಲ."

ಆದರೂ ನಾನು ಚಾಪೆಯವನನ್ನು ಸೋಲಲು ಬಿಡಲಿಲ್ಲ. ಜೀವದ ಗೆರೆ ತೀರಾ ಇಳಿದಿದ್ದರೆ ಗುಂಡಿ ಒತ್ತದೆ ಸಂಜೆಗೆ ಬಿಡುತ್ತಿದ್ದೆ. ಆಗಿನ್ನೂ ಅವನ ಬಲಗೈ ಚೆನ್ನಾಗಿತ್ತು. ಎಡಗೈಯನ್ನು ತೊಡೆಯ ಮೇಲೆ ಆನಿಸಿಕೊಂಡು, ಅದರ ಕೆಲಸವನ್ನೂ ಬಲಗೈಯಿಂದಲೇ ಮಾಡುತ್ತಿದ್ದ. ಆ ದಿನಗಳಲ್ಲಿ ಅವನು ಕಾಯಿಲೆಯ ಮಾತು ಎತ್ತಲಿಲ್ಲ. ಎತ್ತಿದರೆ ದೀಪದ ಮಾತು.

ದೀಪ ಹತ್ತಿರ ಬರುತ್ತಿದೆಯೇ ಇಲ್ಲವೇ ಎಂಬುದೇ ಪ್ರಶ್ನೆ. ಬೇರೆ ಯಾರಾದರೂ ಆಗಿದ್ದರೆ ಕಣ್ಣಳತೆಗೆ ಬಿಡುತ್ತಿದ್ದರು. ಉಸ್ತಾದ್ ಟರ್ನರ್. ಬೀರುವಿನಲ್ಲಿ ಬಟ್ಟೆ ಸುತ್ತಿಟ್ಟಿದ್ದ ತನ್ನ ಸ್ವಂತ ವರ್ನಿಯರನ್ನು ತೆಗೆಸಿದ. ಕೂದಲೆಳೆಯಷ್ಟು ವ್ಯತ್ಯಾಸವನ್ನೂ ತೋರಿಸುವ ಉಕ್ಕಿನ ಅಳತೆಗೋಲು ಅದು. ಎರಡು ದವಡೆಗಳ ನಡುವೆ ವಸ್ತುವನ್ನು ಹಿಡಿದು ಓದುವುದು. ಟೀವಿಯ ಗಾಜಿಗೆ ಅದನ್ನು ಹಿಡಿದು ದೀಪದ ಅಗಲ ಅಳೆದ. ಮೊದಲ ದಿನ ಇಬ್ಬರೂ ಸೇರಿ ಅಳೆದೆವು. ಆ ಅಳತೆ ಇಬ್ಬರಿಗೂ ಬಾಯಿಪಾಠವಾಯಿತು. ದೀಪ ದೊಡ್ಡದಾಗುತ್ತಾ ಹೋದರೆ ಹತ್ತಿರವಾಗುತ್ತಿದೆ ಎಂದರ್ಥ. ತರ್ಕದಲ್ಲಿ ತಪ್ಪಿರಲಿಲ್ಲ. ಅದೊಂದು ಬರೆದಿಟ್ಟ ಚಿತ್ರವಾಗಿರಬಹುದು ಎಂಬುದು ನಮ್ಮಿಬ್ಬರ ತಲೆಗೂ ಹೊಳೆಯಲಿಲ್ಲ. ನಾವು ಅಳೆದದ್ದೆಲ್ಲ ಆವರೆಗೆ ನಿಜವಾದ ವಸ್ತುಗಳೇ.

ಆಮೇಲೆ ಸಂಜೆ ಸಂಜೆ ಅವನೇ ಅಳೆಯುತ್ತಿದ್ದ. ಬೆಳಿಗ್ಗೆ ನನಗೆ ವರದಿ. "ಒಂದು ಎಳಿ ಏರೈತೆ." ಕೆಲವು ದಿನ ಬಿಟ್ಟು, "ಮತ್ತೊಂದು ಎಳಿ." ಹೇಳುವಾಗ ಅವನ ಮುಖ ನಮ್ಮ ಲೇತ್ ಶೆಡ್ಡಿನ ದಿನಗಳ ಮುಖವಾಗುತ್ತಿತ್ತು. ನಾನೂ ನಂಬಿದೆ. ಮನೆಗೆ ಬಂದು ಹೆಂಡತಿಗೆ ಹೇಳಿದೆ. ಅವಳು, "ಮುಟ್ಟಿದ ದಿನ ಹೇಳ್ರಿ, ಗಂಜಿ ಬದ್ಲು ಪಾಯಸ ಮಾಡಿ ಕಳಸ್ತೀನಿ" ಎಂದಳು.

ಮಳೆಗಾಲ ಹಿಡಿಯುವ ಹೊತ್ತಿಗೆ ಅವನ ಬಲಗೈಗೂ ನಡುಕ ಬಂತು. ಗಂಜಿಯ ಚಮಚ ಬಾಯಿಗೆ ಹೋಗುವಷ್ಟರಲ್ಲಿ ಖಾಲಿಯಾಗುತ್ತಿತ್ತು. ಒಂದು ಬೆಳಿಗ್ಗೆ ನಾನು ಹೋಗಿ ಕೂತಾಗ ವರ್ನಿಯರ್ ಅವನ ತೊಡೆಯ ಮೇಲಿತ್ತು.

"ಚಾರ್ಜ್‌ಮನ್ರೆ, ಇವತ್ತು ನೀವು ಒಮ್ಮೆ ನೋಡ್ರಿ. ನಿನ್ನಿ ಸಂಜೆ ಬಾಳ ಏರಿತ್ತು. ನಿಮ್ಮ ಕಣ್ಣು ಬಿದ್ದ ಮಾಲೇ ಪಾಸು."

ನಾನು ಎದ್ದು ಕಿಟಕಿಯ ಪರದೆ ಎಳೆದೆ. ಕನ್ನಡಕ ಒರೆಸಿದೆ. ವರ್ನಿಯರನ್ನು ಮುಚ್ಚಿ ಸೊನ್ನೆ ಸರಿ ಇದೆಯೇ ನೋಡಿದೆ; ಸರಿ ಇತ್ತು. ಚಾಪೆಯವನು ನಡೆಯುತ್ತಿದ್ದ. ಅವನ ಹೆಗಲ ಮೇಲಿನಿಂದ ದೀಪಕ್ಕೆ ದವಡೆ ಹಿಡಿದೆ. ಓದಿದೆ. ತೆಗೆದು ಮತ್ತೆ ಹಿಡಿದೆ. ನಿಂತ ಜಾಗ ಬದಲಿಸಿ ಇನ್ನೊಮ್ಮೆ ಹಿಡಿದೆ.

ಮೊದಲ ದಿನ ಎಷ್ಟಿತ್ತೋ ಅಷ್ಟೇ ಇತ್ತು.

ಏರಿದ್ದು ದೀಪವಲ್ಲ ಎಂದು ಆ ಕ್ಷಣವೇ ಗೊತ್ತಾಯಿತು. ಕೈ ನಡುಗಿದರೆ ದವಡೆ ತೆರೆದುಕೊಳ್ಳುತ್ತದೆ. ದಿನದಿಂದ ದಿನಕ್ಕೆ ಅವನು ಅಳೆಯುತ್ತಿದ್ದದ್ದು ತನ್ನ ನಡುಕವನ್ನು.

"ಎಷ್ಟು ಬಂತು?" ಎಂದ ಹಿಂದಿನಿಂದ.

ನಾನು ಆ ಅಳತೆ ಹೇಳಿದೆ.

"ಇನ್ನೊಮ್ಮೆ ನೋಡ್ರಿ."

"ನೋಡೀನಿ ಉಸ್ತಾದ್. ಅಷ್ಟೇ ಐತೆ."

"ವರ್ನಿಯರ್ ಕೆಟ್ಟಿರಬೇಕು."

"ಇಲ್ಲ. ಸೊನ್ನಿ ನೋಡ್ದೆ."

ನಾನು ತಿರುಗಿದಾಗ ಅವನು ತನ್ನ ಬಲಗೈಯನ್ನು ನೋಡಿಕೊಳ್ಳುತ್ತಿದ್ದ. ಟರ್ನರಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಆಮೇಲೆ ಟೀವಿಯ ಕಡೆ ಗದ್ದ ಎತ್ತಿ, "ಮಗನ, ಇಷ್ಟು ದಿನ ನನ್ನ ಕೈಲಿ ಪುಕ್ಕಟೆ ಓವರ್ಟೈಮ್ ಮಾಡಿಸಿಬಿಟ್ಟ ನೋಡ್ರಿ" ಎಂದ. ನಗಲು ಹೋಗಿ ಕೆಮ್ಮು ಬಂತು. ಕೆಮ್ಮು ನಿಂತ ಮೇಲೆ ನಗು ಉಳಿದಿರಲಿಲ್ಲ. ಗಂಜಿ ಬೇಡ ಎಂದ.

ಮರುದಿನ ಬೆಳಿಗ್ಗೆ ಮಗಳು ಬಾಗಿಲ ಹೊರಗೇ ನನ್ನನ್ನು ನಿಲ್ಲಿಸಿದಳು. ಚೀಲ ಇನ್ನೂ ಹೆಗಲಿಗೆ ಹಾಕಿರಲಿಲ್ಲ.

"ಅದು ಬರೇ ಚಿತ್ರ ಕಾಕಾ. ಆ ದಾರಿಗೆ ಕೊನೆ ಇಲ್ಲ. ಸೋಲೋ ತನಕ ಹೋಗ್ತಾ ಇರೋದು, ಆಟನೇ ಅಷ್ಟು. ನಂಗೆ ಮೊದ್ಲಿಂದ ಗೊತ್ತಿತ್ತು."

"ಮತ್ಯಾಕ ಹೇಳ್ಲಿಲ್ಲ?"

"ಯಾಕ ಹೇಳ್ಬೇಕು? ಸಂಜೆ ಆದ್ರೆ ಕಾಯ್ತಾ ಕೂಡ್ತಿದ್ರು. ನಾನು ಬಂದ ಕೂಡ್ಲೆ ಹ್ಯಾಂಡಲ್ ಕೊಡು ಅಂತಿದ್ರು. ನಿನ್ನೆ ಕೇಳ್ಲಿಲ್ಲ." ಅವಳ ದನಿ ಏರಲಿಲ್ಲ. "ಒಂದು ಎಳೆ ಹೆಚ್ಚು ಹೇಳಿದ್ರೆ ನಿಮ್ದೇನು ಹೋಗ್ತಿತ್ತು ಕಾಕಾ?"

"ಅವನು ಕೇಳಿದ್ದು ನನ್ನ ಪಾಳಿಯೊಳಗ" ಎಂದೆ. ಸುಳ್ಳು ಹೇಳಿದ್ದರೆ ಅವನಿಗೆ ತಿಳಿಯುತ್ತಿತ್ತು. ನನ್ನ ಮುಖ ಅವನು ಅಷ್ಟು ವರ್ಷ ಓದಿದ್ದ. ಆಗ ದೀಪವೂ ಇಲ್ಲ, ನಾನೂ ಇಲ್ಲ ಎಂದಾಗುತ್ತಿತ್ತು. ಹೀಗೆ ನನಗೆ ನಾನೇ ಹೇಳಿಕೊಳ್ಳುತ್ತೇನೆ. ಹೇಳಿಕೊಂಡರೂ ಆ ಬೆಳಗಿನ ಗಂಜಿ ಹಾಗೆಯೇ ಡಬ್ಬಿಯಲ್ಲಿ ವಾಪಸು ಬಂದದ್ದು ನೆನಪಾಗುತ್ತದೆ.

ಆಮೇಲೆ ಅವನು ಆಡಲಿಲ್ಲ. ಹಾಗೆಂದು ಬಂದ್ ಮಾಡಲೂ ಬಿಡಲಿಲ್ಲ. "ನಡೀಲಿ ಬಿಡ್ರಿ, ಅವಂದೇನು ತಪ್ಪು" ಎಂದ. ಚಾಪೆಯವನು ಹಗಲೂ ರಾತ್ರಿ ಆ ಮುಸ್ಸಂಜೆಯ ದಾರಿಯಲ್ಲಿ ನಡೆಯುತ್ತಿದ್ದ. ನಾವಿಬ್ಬರೂ ಅವನ ಬೆನ್ನು ನೋಡುತ್ತ ಕೂರುತ್ತಿದ್ದೆವು. ಉಸ್ತಾದ್ ಕುರ್ಚಿಯಿಂದ ಮಂಚಕ್ಕೆ ಹೋದ. ಮಂಚವನ್ನು ಟೀವಿಯ ಎದುರಿಗೆ ತಿರುಗಿಸಿದೆವು. ಹ್ಯಾಂಡಲ್ ಮಾತ್ರ ಅವನ ಹೊಟ್ಟೆಯ ಮೇಲೆ, ಸತ್ತ ಕೈಗಳ ಕೆಳಗೆ ಇರಬೇಕು. ಮಗಳು ಹಾಸಿಗೆ ಬದಲಿಸಿದಾಗಲೆಲ್ಲ ಅದನ್ನು ಎತ್ತಿ, ಮತ್ತೆ ಅಲ್ಲಿಯೇ ಇಡುತ್ತಿದ್ದಳು.

ನಾನು ದಿನವೂ ಅದೇ ಹೊತ್ತಿಗೆ ಹೋಗಿ "ಹೆಂಗೈತೆ?" ಅನ್ನುತ್ತಿದ್ದೆ. ಅವನ ಮಾತು ಕಲಸಿಹೋಗುತ್ತಿತ್ತು. "ನಡದೈತೆ" ಎಂಬುದು ಮೊದಲು "ನಡೈತೆ" ಆಯಿತು, ಆಮೇಲೆ ಬರೀ ಒಂದು ಉಸಿರು. ಹೊಳೆ ತುಂಬಿದ್ದ ದಿನಗಳು. ಓಣಿಯ ತನಕ ಹಸಿಮಣ್ಣಿನ ವಾಸನೆ ಬರುತ್ತಿತ್ತು. ನಾನು ಅವನ ಬಾಯಿ ಒರೆಸಿ, ಮಗ್ಗುಲು ಬದಲಿಸಿ, ಕಾಲು ನೀವಿ, ಹೊತ್ತಾದ ಮೇಲೆ ಎದ್ದು ಬರುತ್ತಿದ್ದೆ. ಯಾವುದರಿಂದಲೂ ಏನೂ ಆಗುತ್ತಿರಲಿಲ್ಲ. ಮಾಡುವುದನ್ನು ಮಾಡಿದೆ.

ಒಂದು ಬೆಳಿಗ್ಗೆ ನಾನು ಕೇಳುವ ಮೊದಲೇ ಅವನು ಏನೋ ಹೇಳಿದ. ತಿಳಿಯಲಿಲ್ಲ. ಬಾಗಿ ಕಿವಿ ಕೊಟ್ಟೆ. ಮತ್ತೆ ಹೇಳಿದ. ಬಾಗಿಲಲ್ಲಿದ್ದ ಮಗಳು, "ರಿಲೀವರ್ ಬಂದಿಲ್ಲ ಅಂತಾರೆ ಕಾಕಾ" ಎಂದಳು.

ನಾನು ಮಂಚದ ಪಕ್ಕ ನೇರ ನಿಂತೆ. "ಹೆಂಗೈತೆ?" ಎಂದೆ.

ಅವನ ಕಣ್ಣು ಟೀವಿಯತ್ತ ಹೋಗಿ ನನ್ನತ್ತ ಬಂತು. ಉತ್ತರ ಬರಲು ಬಹಳ ಹೊತ್ತು ಹಿಡಿಯಿತು. ಈ ಸಲ ನನಗೇ ತಿಳಿಯಿತು. "ನಡದೈತೆ" ಎಂದ.

"ನಾನು ಬಂದೀನಿ, ನೀನು ನಡಿ" ಎಂದು ಅವನ ಕೈಗಳ ಕೆಳಗಿನಿಂದ ಹ್ಯಾಂಡಲ್ ತೆಗೆದುಕೊಂಡೆ. ಬೆಚ್ಚಗಿತ್ತು. ಅವನು ಕಣ್ಣು ಮುಚ್ಚಿದ. ಮಗಳು ಆ ದಿನ ಕೆಲಸಕ್ಕೆ ಹೋಗಲಿಲ್ಲ.

ಆ ವಾರ ಮುಗಿಯುವ ಮೊದಲೇ ಉಸ್ತಾದ್ ಹೋದ. ಮಣ್ಣು ಕೊಡಲು ನಾನೂ ನಿಂತಿದ್ದೆ. ಜನ ಕರಗಿದ ಮೇಲೆ ಅವನ ಮನೆಗೆ ಬಂದರೆ ಟೀವಿ ನಡೆಯುತ್ತಲೇ ಇತ್ತು; ಯಾರೋ ಅದರ ಮೇಲೆ ಬಿಳಿ ಬಟ್ಟೆ ಹೊದಿಸಿದ್ದರು. ಬಟ್ಟೆಯ ಒಳಗಿನಿಂದ ಹಳದಿ ಬೆಳಕು ಕಾಣುತ್ತಿತ್ತು.

"ನಂಗೆ ಬಂದ್ ಮಾಡಾಕ ಆಗ್ಲಿಲ್ಲ. ಅದು ನಿಮ್ಮ ಪಾಳಿ" ಎಂದಳು ಮಗಳು.

ನಾನು ಬಟ್ಟೆ ತೆಗೆದು ಕುರ್ಚಿಯಲ್ಲಿ ಕೂತೆ. ಚಾಪೆಯವನ ಜೀವದ ಗೆರೆ ಅರ್ಧಕ್ಕಿಂತ ಕೆಳಗಿತ್ತು. ಗುಂಡಿ ಒತ್ತಿದೆ. ಬಂದವನು ಯಾರೋ ಈಟಿಯವನು. ಬದಿಯಲ್ಲಿ ಕುದಿಯುವವರು ಯಾರೂ ಇರಲಿಲ್ಲ, ಲೆಕ್ಕ ತಪ್ಪಲಿಲ್ಲ, ಗೆದ್ದೆ. ಚಾಪೆಯವನು ಚಾಪೆ ಎತ್ತಿಕೊಂಡು ಮತ್ತೆ ಬೆನ್ನು ತಿರುಗಿಸಿ ನಡೆದ. ದೀಪ ಅಲ್ಲಿಯೇ ಇತ್ತು. ಅವನನ್ನು ಬೇಕೆಂದೇ ಸೋಲಿಸುವುದು ನನ್ನಿಂದ ಆಗುತ್ತಿರಲಿಲ್ಲ. ಗೆಲ್ಲಿಸಿದರೆ ಮತ್ತೆ ಇದೇ. ಮಗಳು ಬಾಗಿಲಲ್ಲಿ ನಿಂತಿದ್ದಳು. ಅವಳ ಕೈಗೆ ಹ್ಯಾಂಡಲ್ ಕೊಡುವುದು ನ್ಯಾಯವಲ್ಲ.

ನನ್ನ ಬಸ್ಸಿನ ಹೊತ್ತಾಗಿತ್ತು. ಕರ್ಚೀಫಿನಿಂದ ಹ್ಯಾಂಡಲನ್ನು ಒರೆಸಿದೆ, ಗುಂಡಿಗಳ ಸಂದಿಯನ್ನೂ ಒರೆಸಿದೆ. ಆಮೇಲೆ ಪೆಟ್ಟಿಗೆಯ ಸ್ವಿಚ್ ತೆಗೆದೆ. ಗೋಡೆಯಲ್ಲಿ ಉಸ್ತಾದನ ಟೋಪಿ ತೂಗುತ್ತಿದ್ದ ಮೊಳೆ ಖಾಲಿ ಇತ್ತು. ಹ್ಯಾಂಡಲಿನ ವಯರು ಸುತ್ತಿ ಅದಕ್ಕೆ ತೂಗುಹಾಕಿದೆ.

ಈಗಲೂ ನಸುಕಿನಲ್ಲೇ ಏಳುತ್ತೇನೆ. ಸ್ನಾನ, ಪೂಜೆ, ಹಾಲು, ಇಸ್ತ್ರಿ ಮಾಡಿದ ಅಂಗಿ. ಬಸ್ಸಿನ ಹೊತ್ತಿಗೆ ಎಲ್ಲ ಮುಗಿದಿರುತ್ತದೆ. ಹೆಂಡತಿ ಡಬ್ಬಿ ಕಟ್ಟುವುದಿಲ್ಲ. ಒಳಗಿನಿಂದ "ಕೂಡ್ರಿ, ಎಲ್ಲಿಗೆ ಹೊಂಟೀರಿ?" ಅನ್ನುತ್ತಾಳೆ. ನಾನು ಕೂಡ್ರುತ್ತೇನೆ.